ಕಾಣದವರ ಮುಂದೆ ಕ್ಯಾಮೆರಾ

ಒಂದು ಮಲಗುವ ಕೋಣೆ. ಎತ್ತರದಲ್ಲಿ, ಬಹುಶಃ ಬೀರುವಿನ ಮೇಲೆ, ಯಾರೋ ಕ್ಯಾಮೆರಾ ಇಟ್ಟು ಹೋಗಿದ್ದಾರೆ. ದೃಶ್ಯವೆಲ್ಲ ಹಸಿರು ಛಾಯೆಯಲ್ಲಿದೆ. ಕೆಳಗಿನ ಮೂಲೆಯಲ್ಲಿ ಗಂಟೆ, ನಿಮಿಷ, ಸೆಕೆಂಡುಗಳ ಅಂಕಿಗಳು ಓಡುತ್ತಿವೆ. ಮಂಚದ ಮೇಲೆ ಒಬ್ಬ ಹೆಂಗಸು ನಿದ್ರಿಸುತ್ತಿದ್ದಾಳೆ. ಸಂಗೀತವಿಲ್ಲ, ಮಾತಿಲ್ಲ, ಏನೂ ನಡೆಯುತ್ತಿಲ್ಲ. ಆದರೂ ನಮ್ಮ ಉಸಿರು ಬಿಗಿಯಾಗಿದೆ. ನಾವು ಆ ಹೆಂಗಸನ್ನು ನೋಡುವುದನ್ನು ಬಿಟ್ಟು ಎಷ್ಟೋ ಹೊತ್ತಾಯಿತು. ನಮ್ಮ ಕಣ್ಣು ಅರ್ಧ ತೆರೆದ ಬಾಗಿಲಿನ ಮೇಲಿದೆ, ಪರದೆಯ ಮಡಿಕೆಯ ಮೇಲಿದೆ, ಮಂಚದ ಕೆಳಗಿನ ಕತ್ತಲಿನ ಮೇಲಿದೆ.

ಇದನ್ನು ಫೌಂಡ್ ಫೂಟೇಜ್ ಎನ್ನುತ್ತಾರೆ. ಕಥೆಯೊಳಗಿನ ಪಾತ್ರವೇ ಕ್ಯಾಮೆರಾ ಹಿಡಿದಿರುತ್ತದೆ. ಆ ಪಾತ್ರ ಸತ್ತಿದೆ ಅಥವಾ ಕಾಣೆಯಾಗಿದೆ. ಅದು ಚಿತ್ರೀಕರಿಸಿದ ಟೇಪು ಮಾತ್ರ ಯಾರದೋ ಕೈಗೆ ಸಿಕ್ಕಿದೆ, ಈಗ ನಾವು ಅದನ್ನು ನೋಡುತ್ತಿದ್ದೇವೆ ಎಂಬುದು ಕರಾರು. 1980ರಲ್ಲಿ ಇಟಲಿಯ ‘ಕ್ಯಾನಿಬಲ್ ಹೋಲೋಕಾಸ್ಟ್’ ಈ ತಂತ್ರವನ್ನು ಎಷ್ಟು ನಂಬುವಂತೆ ಬಳಸಿತೆಂದರೆ, ತನ್ನ ನಟರು ಬದುಕಿದ್ದಾರೆ ಎಂದು ನಿರ್ದೇಶಕ ಸಾಬೀತುಪಡಿಸಬೇಕಾಯಿತು. 1999ರಲ್ಲಿ ಅಮೆರಿಕದ ‘ಬ್ಲೇರ್ ವಿಚ್ ಪ್ರಾಜೆಕ್ಟ್’ ಕೆಲವು ಹತ್ತು ಸಾವಿರ ಡಾಲರ್ ಖರ್ಚಿನಲ್ಲಿ ಚಿತ್ರೀಕರಣಗೊಂಡು ಜಗತ್ತಿನಾದ್ಯಂತ 24 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. 2007ರ ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ ಕ್ಯಾಮೆರಾವನ್ನು ಕಾಡಿನಿಂದ ಮಲಗುವ ಕೋಣೆಗೆ ತಂದಿತು. ನಮ್ಮಲ್ಲೂ 2013ರಲ್ಲಿ ‘6-5=2’ ಬಂತು. ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂದು ಹೇಳಿಕೊಂಡ ಆ ಕನ್ನಡ ಚಿತ್ರವನ್ನು ನಿಜವೆಂದೇ ನಂಬಿದವರು ಬಹಳ ಮಂದಿ.

ಈ ತಂತ್ರ ಹೋದ ಕಡೆಯೆಲ್ಲ ಸ್ಥಳೀಯ ದೆವ್ವವೊಂದನ್ನು ಜೊತೆ ಮಾಡಿಕೊಂಡಿದೆ. ಆದರೆ ಇದು ತನ್ನ ನಿಜವಾದ ಜೋಡಿಯನ್ನು ಕಂಡುಕೊಂಡದ್ದು ತುರ್ಕಿಯಲ್ಲಿ, ಜಿನ್ನುಗಳ ಕಥೆಯಲ್ಲಿ ಎಂದು ನಾನು ನಂಬುತ್ತೇನೆ. ಮಾಟಗಾತಿಗೂ ಪ್ರೇತಕ್ಕೂ ಕ್ಯಾಮೆರಾ ಒಂದು ಹೊಸ ಉಪಕರಣವಷ್ಟೆ. ಜಿನ್ನಿನ ವಿಷಯ ಬೇರೆ. ಯಾರು ಯಾರನ್ನು ನೋಡಬಲ್ಲರು ಎಂಬ ಪ್ರಶ್ನೆಯ ಮೇಲೆಯೇ ಜಿನ್ನಿನ ಕಲ್ಪನೆ ನಿಂತಿದೆ.

ಅರಬ್ಬಿಯ ಜ-ನ-ನ ಎಂಬ ಧಾತುವಿಗೆ ಮುಚ್ಚು, ಮರೆಮಾಡು ಎಂಬ ಅರ್ಥವಿದೆ. ತಾಯಿಯ ಹೊಟ್ಟೆಯಲ್ಲಿ ಮರೆಯಾಗಿರುವ ಭ್ರೂಣ ‘ಜನೀನ್’. ಗಿಡಮರಗಳು ನೆಲವನ್ನು ಮುಚ್ಚಿದ ತೋಟ ‘ಜನ್ನತ್’, ಅದೇ ಸ್ವರ್ಗವೂ ಹೌದು. ಬುದ್ಧಿಗೆ ಮುಸುಕು ಕವಿದವನು ‘ಮಜ್ನೂನ್’. ಲೈಲಾಳ ಪ್ರೇಮಿಯಾಗಿ ನಮಗೆಲ್ಲ ಗೊತ್ತಿರುವ ಮಜ್ನುವಿನ ಹೆಸರಿನಲ್ಲಿ ಜಿನ್ ಹಿಡಿದವನು ಎಂಬ ಅರ್ಥ ಅಡಗಿದೆ. ಹಾಗೆಯೇ ಜಿನ್ ಎಂದರೆ ಮರೆಯಲ್ಲಿರುವವನು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳಬೇಕು. ಜಿನ್ ಎಂದರೆ ಸತ್ತವರ ಆತ್ಮವಲ್ಲ, ಸೈತಾನನ ಇನ್ನೊಂದು ಹೆಸರೂ ಅಲ್ಲ. ಕುರ್‌ಆನಿನ ಪ್ರಕಾರ ಮನುಷ್ಯನನ್ನು ಮಣ್ಣಿನಿಂದ ಸೃಷ್ಟಿಸಿದಂತೆ ಜಿನ್ನನ್ನು ಹೊಗೆಯಿಲ್ಲದ ಜ್ವಾಲೆಯಿಂದ ಸೃಷ್ಟಿಸಲಾಯಿತು. ಗ್ರಂಥದ 72ನೇ ಅಧ್ಯಾಯದ ಹೆಸರೇ ‘ಅಲ್-ಜಿನ್’. ಜಿನ್ನುಗಳ ಒಂದು ಗುಂಪು ಪಠಣವನ್ನು ಕೇಳಿ ವಿಶ್ವಾಸಿಗಳಾದ ಪ್ರಸಂಗ ಅದರಲ್ಲಿದೆ. ನಮ್ಮಲ್ಲಿ ಸಜ್ಜನರೂ ಇದ್ದಾರೆ, ಹಾಗಲ್ಲದವರೂ ಇದ್ದಾರೆ ಎಂದು ಅವೇ ಹೇಳಿಕೊಳ್ಳುತ್ತವೆ. ಅವುಗಳಿಗೆ ಕುಲಗಳಿವೆ, ಮದುವೆಯಿದೆ, ಮಕ್ಕಳಿದ್ದಾರೆ, ಸಾವಿದೆ, ಕೊನೆಯ ದಿನದಂದು ವಿಚಾರಣೆಯೂ ಇದೆ. ಹತ್ತನೆಯ ಶತಮಾನದಲ್ಲಿ ಬಸ್ರಾ ನಗರದ ‘ಇಖ್ವಾನ್ ಅಸ್-ಸಫಾ’ ಎಂಬ ವಿದ್ವಾಂಸರ ಬಳಗ ಬರೆದ ಒಂದು ಕಥೆಯಲ್ಲಿ ಪ್ರಾಣಿಗಳೆಲ್ಲ ಸೇರಿ ಮನುಷ್ಯರ ವಿರುದ್ಧ ದೂರು ಕೊಡುತ್ತವೆ. ಅಲ್ಲಿ ನ್ಯಾಯಪೀಠದಲ್ಲಿ ಕುಳಿತವನು ಜಿನ್ನುಗಳ ರಾಜ. ಹೆದರಿಸುವ ಭೂತಕ್ಕೆ ಅಂಥ ಗೌರವದ ಪೀಠವನ್ನು ಯಾರು ಕೊಟ್ಟಾರು?

ಒಟ್ಟಿನಲ್ಲಿ ಜಿನ್ನುಗಳು ನಮ್ಮ ನೆರೆಹೊರೆಯವರು. ಹಾಳುಬಿದ್ದ ಮನೆ, ಹೊಸ್ತಿಲು, ಬೂದಿಗುಂಡಿ, ಸ್ನಾನಗೃಹ ಅವರ ಠಾವುಗಳೆಂದು ತುರ್ಕಿಯ ಹಳ್ಳಿಗಳಲ್ಲಿ ನಂಬುತ್ತಾರೆ. ಕಾದ ನೀರನ್ನು ನೆಲಕ್ಕೆ ಚೆಲ್ಲುವ ಮೊದಲು ಅಜ್ಜಿಯರು ‘ದಸ್ತೂರ್’ ಎಂದು ಅಪ್ಪಣೆ ಕೇಳುತ್ತಾರೆ. ಕಾಣದ ಮಗುವೊಂದು ಅಲ್ಲಿ ಆಡುತ್ತಿದ್ದರೆ ಸುಟ್ಟೀತು, ಅದರ ತಾಯಿ ತಂದೆ ಸೇಡು ತೀರಿಸಿಕೊಂಡಾರು ಎಂಬ ಅಂಜಿಕೆ. ಈ ಅಂಜಿಕೆಯಲ್ಲಿ ಒಂದು ಬಗೆಯ ಸೌಜನ್ಯವೂ ಇರುವುದು ನನಗೆ ತುಂಬ ಹಿಡಿಸುತ್ತದೆ.

ಇನ್ನು ಈ ಇಡೀ ಸಿನಿಮಾ ಪ್ರಕಾರದ ಕೀಲಿಕೈಗೆ ಬರೋಣ. ಕುರ್‌ಆನಿನ 7ನೇ ಅಧ್ಯಾಯದ 27ನೇ ವಚನ ಸೈತಾನನ ಬಗ್ಗೆ ಎಚ್ಚರಿಸುತ್ತ ಹೇಳುವ ಮಾತಿನ ಸಾರ ಹೀಗಿದೆ: ಅವನೂ ಅವನ ಬಳಗವೂ ನಿಮ್ಮನ್ನು ನೋಡುತ್ತಾರೆ, ನೀವು ಅವರನ್ನು ನೋಡಲಾರದ ಕಡೆಯಿಂದ. ಈ ಸೈತಾನ, ಅಂದರೆ ಇಬ್ಲೀಸ್, ಜಿನ್ನುಗಳಲ್ಲಿ ಒಬ್ಬನಾಗಿದ್ದ ಎಂದು ಗ್ರಂಥವೇ ಇನ್ನೊಂದು ಕಡೆ ಹೇಳುತ್ತದೆ. ನೋಟ ಒಂದೇ ದಿಕ್ಕಿಗೆ ಹರಿಯುತ್ತದೆ. ಅವರಿಗೆ ನಾವು ಕಾಣುತ್ತೇವೆ, ನಮಗೆ ಅವರು ಕಾಣುವುದಿಲ್ಲ.

ಈಗ ಆ ಮಲಗುವ ಕೋಣೆಗೆ ಮರಳಿ. ಬೀರುವಿನ ಮೇಲಿನ ಕ್ಯಾಮೆರಾ ಮಲಗಿದವಳನ್ನು ನೋಡುತ್ತಿದೆ, ಅವಳಿಗೆ ನೋಡುತ್ತಿರುವವರು ಕಾಣುತ್ತಿಲ್ಲ. ಅವಳು ನಮ್ಮನ್ನು ನೋಡಲಾರದ ಕಡೆಯಿಂದ ನಾವು ಅವಳನ್ನು ನೋಡುತ್ತಿದ್ದೇವೆ. ಅಂದರೆ ಪ್ರೇಕ್ಷಕನನ್ನು ಸಿನಿಮಾ ಕೂರಿಸಿದ್ದು ಜಿನ್ನಿನ ಆಸನದಲ್ಲಿ. ಆ ಕೋಣೆಯಲ್ಲಿ ಅದೇ ಆಸನದ ಇನ್ನೊಬ್ಬ ಹಕ್ಕುದಾರನೂ ಇದ್ದಾನೆ ಎಂಬ ಅನುಮಾನ ಹುಟ್ಟಿದಾಗ ನಮ್ಮ ಬೆನ್ನು ತಣ್ಣಗಾಗುತ್ತದೆ. ಸಾಮಾನ್ಯ ಭಯಾನಕ ಚಿತ್ರದಲ್ಲಿ ಕ್ಯಾಮೆರಾ ಎಲ್ಲಿ ಬೇಕಾದರೂ ಹಾರಿ ಹೋಗಿ ನಿಲ್ಲಬಲ್ಲದು, ಕಥೆ ಹೇಳುವವನಿಗೆ ಎಲ್ಲವೂ ಗೊತ್ತು. ಇಲ್ಲಿ ಚೌಕಟ್ಟಿನ ಆಚೆ ಏನಿದೆ ಎಂಬುದು ಯಾರಿಗೂ ಗೊತ್ತಿಲ್ಲ. ನಿರ್ದೇಶಕ ಗ್ರಾಫಿಕ್ಸಿನಲ್ಲಿ ಜಿನ್ನಿನ ಮುಖವನ್ನು ತೋರಿಸಿದ ಕ್ಷಣವೇ ಭಯ ಅರ್ಧಕ್ಕೆ ಇಳಿಯುತ್ತದೆ. ಬೇಕಿದ್ದರೆ ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿರುವ ‘ಸಿಯಾಹ್ ಕಲಮ್’ ಎಂಬ ಹಳೆಯ ದೈತ್ಯಚಿತ್ರಗಳನ್ನು ನೋಡಬಹುದು. ಕೊಂಬು, ಕಡಗ, ಉಬ್ಬಿದ ಕಣ್ಣುಗಳ ಆ ಪ್ರಾಣಿಗಳು ಅದ್ಭುತವಾಗಿವೆ, ಆದರೆ ಅವನ್ನು ನೋಡಿ ಯಾರೂ ರಾತ್ರಿ ದೀಪ ಹಚ್ಚಿಟ್ಟು ಮಲಗುವುದಿಲ್ಲ.

ಕಾಣದ್ದಕ್ಕೆ ಹೆಸರಿಡುವುದಕ್ಕೂ ತುರ್ಕಿಯ ಜನ ಅಂಜುತ್ತಾರೆ. ಹೆಸರು ಹೇಳಿದರೆ ಕರೆದಂತೆ. ಅದಕ್ಕೆ ‘ಮೂರಕ್ಷರದವರು’ ಎನ್ನುತ್ತಾರೆ, ಇಲ್ಲವೇ ‘ಒಳ್ಳೆಯ ಗಳಿಗೆಯಲ್ಲಿರಲಿ’ ಎಂದು ಹಾರೈಸಿ ಮಾತು ಮುಗಿಸುತ್ತಾರೆ. ರಾತ್ರಿ ಹಾವು ಎನ್ನದೆ ಹುಳ ಎನ್ನುವ ನಮ್ಮ ಹಳ್ಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಆ ‘ಮೂರಕ್ಷರ’ದಲ್ಲಿ ಒಂದು ಸ್ವಾರಸ್ಯವಿದೆ. ಅರಬ್ಬಿ ಲಿಪಿಯಲ್ಲಿ ಜಿನ್ ಎಂದು ಬರೆಯಲು ಎರಡೇ ಅಕ್ಷರ ಸಾಕು. ಮೂರಾಗುವುದು 1928ರಲ್ಲಿ ತುರ್ಕಿ ಅಳವಡಿಸಿಕೊಂಡ ಲ್ಯಾಟಿನ್ ಲಿಪಿಯಲ್ಲಿ. ಎಷ್ಟೋ ಹಳೆಯದೆಂದು ತೋರುವ ಈ ಭಯದ ಮಾತು ಆಧುನಿಕ ಗಣರಾಜ್ಯದ ಶಾಲೆಯಲ್ಲಿ ಅಕ್ಷರ ಕಲಿತಿದೆ!

ಆ ಗಣರಾಜ್ಯವನ್ನು ಬಿಟ್ಟು ಈ ಸಿನಿಮಾಗಳನ್ನು ಅರ್ಥಮಾಡಿಕೊಳ್ಳಲಾಗದು. 1925ರ ನವೆಂಬರ್ 30ರಂದು ತುರ್ಕಿಯ ಸಂಸತ್ತು 677ನೇ ಸಂಖ್ಯೆಯ ಕಾನೂನನ್ನು ಅಂಗೀಕರಿಸಿತು. ಸೂಫಿ ಮಠಗಳು ಮುಚ್ಚಿದವು. ಶೇಖ್, ದರ್ವೇಶ್ ಮುಂತಾದ ಬಿರುದುಗಳು ನಿಷೇಧಗೊಂಡವು. ಕಣಿ ಹೇಳುವುದು, ಮಾಟ ಮಾಡುವುದು, ಮಂತ್ರಿಸಿ ಉಸಿರು ಊದಿ ರೋಗ ವಾಸಿಮಾಡುವುದು, ತಾಯತ ಕಟ್ಟುವುದು, ‘ಗೈಬ್’ನಿಂದ ಅಂದರೆ ಅಗೋಚರ ಲೋಕದಿಂದ ಸುದ್ದಿ ತರುವುದು ಇವೆಲ್ಲ ಶಿಕ್ಷಾರ್ಹ ಅಪರಾಧಗಳಾದವು. ಕನಿಷ್ಠ ಮೂರು ತಿಂಗಳ ಜೈಲು. ಆ ಕಾನೂನು ಇಂದಿಗೂ ಜಾರಿಯಲ್ಲಿದೆ, ಸಂವಿಧಾನದ 174ನೇ ವಿಧಿ ಅದಕ್ಕೆ ರಕ್ಷಣೆ ಕೊಟ್ಟಿದೆ.

ಕಾನೂನು ಬಂದ ಮಾತ್ರಕ್ಕೆ ನಂಬಿಕೆ ಹೋಗಲಿಲ್ಲ, ಒಳಕೋಣೆಗೆ ಸರಿಯಿತು. ಮಗಳ ನಡವಳಿಕೆ ಬದಲಾದರೆ ಹಗಲಿನಲ್ಲಿ ಮನೋವೈದ್ಯರ ಬಳಿಗೆ, ಕತ್ತಲಾದ ಮೇಲೆ ಗುಟ್ಟಾಗಿ ಹೋಜಾನ ಬಳಿಗೆ ಕರೆದೊಯ್ಯುವ ಮನೆಗಳು ಉಳಿದುಕೊಂಡವು. (ನಸ್ರುದ್ದೀನ್ ಹೋಜಾನ ಹೆಸರಿನಲ್ಲಿರುವ ಅದೇ ಪದ. ಮೂಲದಲ್ಲಿ ಗುರು, ಧಾರ್ಮಿಕ ಶಿಕ್ಷಕ ಎಂಬ ಅರ್ಥ.) ಅಧಿಕೃತವಾಗಿ ಇಲ್ಲದ, ಎಲ್ಲರಿಗೂ ಗೊತ್ತಿರುವ, ಯಾರೂ ಬಹಿರಂಗವಾಗಿ ಮಾತಾಡದ ಒಂದು ಕೋಣೆ. ಅಂಥ ಕೋಣೆಯೊಳಗೆ ನಡೆಯುವುದನ್ನು ತೋರಿಸಬೇಕಾದರೆ ಯಾರೋ ಕದ್ದು ಚಿತ್ರೀಕರಿಸಿದ ಟೇಪಿಗಿಂತ ಸಹಜವಾದ ರೂಪ ಇನ್ನಾವುದು?

ವಿಚಿತ್ರವೆಂದರೆ ತುರ್ಕಿ ಸಿನಿಮಾ ಬಹುಕಾಲ ಈ ಕೋಣೆಯ ಬಾಗಿಲನ್ನು ತಟ್ಟಲೇ ಇಲ್ಲ. ಭಯಾನಕ ಚಿತ್ರಗಳೇ ಅಲ್ಲಿ ಬೆರಳೆಣಿಕೆಯಷ್ಟಿದ್ದವು. 1974ರಲ್ಲಿ ಮೆತಿನ್ ಎರ್ಕ್ಸಾನ್ ‘ಶೇತಾನ್’ ಮಾಡಿದರು. ಬರ್ಲಿನ್ ಚಿತ್ರೋತ್ಸವದಲ್ಲಿ 1964ರಲ್ಲೇ ಚಿನ್ನದ ಕರಡಿ ಗೆದ್ದಿದ್ದ ನಿರ್ದೇಶಕ ಅವರು. ಆದರೂ ಆ ಚಿತ್ರ ಹಾಲಿವುಡ್ಡಿನ ‘ದಿ ಎಕ್ಸಾರ್ಸಿಸ್ಟ್’ನ ದೃಶ್ಯ ದೃಶ್ಯಗಳ ನಕಲಾಗಿತ್ತು, ಕ್ರೈಸ್ತ ಚಿಹ್ನೆಗಳ ಜಾಗದಲ್ಲಿ ಇಸ್ಲಾಮಿನ ಚಿಹ್ನೆಗಳು ಬಂದಿದ್ದವು ಅಷ್ಟೆ. ಅದು ಯಾಕೆ ಹೊಂದಲಿಲ್ಲ ಎಂಬುದು ಈಗ ಸ್ಪಷ್ಟವಾಗುತ್ತದೆ. ಹಾಲಿವುಡ್ಡಿನ ಆ ಪಿಶಾಚಿ ಪೂರ್ತಿ ಕೇಡು, ಅದನ್ನು ಓಡಿಸಿದರೆ ಕಥೆ ಮುಗಿಯಿತು. ಜಿನ್ನಿಗೆ ಕಾರಣಗಳಿರುತ್ತವೆ. ಯಾರೋ ಅದರ ಮಗುವಿಗೆ ಗಾಯ ಮಾಡಿರುತ್ತಾರೆ, ಯಾರೋ ಅದರೊಡನೆ ಮಾಡಿಕೊಂಡ ಒಪ್ಪಂದವನ್ನು ಮುರಿದಿರುತ್ತಾರೆ, ಯಾರೋ ಹೊಟ್ಟೆಕಿಚ್ಚಿಗೆ ಗಂಟು ಕಟ್ಟಿ ಮಾಟ ಮಾಡಿಸಿರುತ್ತಾರೆ. ಹೋಜಾ ಮೊದಲು ಕೇಳುವ ಪ್ರಶ್ನೆಗಳು ಪೊಲೀಸ್ ಠಾಣೆಯಲ್ಲಿ ಕೇಳುವಂಥವು: ನಿನ್ನ ಹೆಸರೇನು? ಯಾವ ಕುಲ? ಯಾರು ಕಳಿಸಿದರು? ಹೀಗೆ ಜಿನ್ ಚಿತ್ರ ಬಲುಬೇಗ ತನಿಖೆಯ ರೂಪ ತಾಳುತ್ತದೆ. ತನಿಖೆಗೆ ಸಾಕ್ಷ್ಯ ಬೇಕು, ಸಾಕ್ಷ್ಯಕ್ಕೆ ಕ್ಯಾಮೆರಾ ಬೇಕು.

ಈ ಎಳೆಗಳನ್ನು ಒಟ್ಟಿಗೆ ಹೆಣೆದವರು ಹಸನ್ ಕರಜಾದಾ. ಜಪಾನಿನಲ್ಲಿದ್ದು ಸಿನಿಮಾ ಕಲಿತ ಅವರು 2006ರಲ್ಲಿ ‘ದಾಬ್ಬೆ’ ಸರಣಿಯನ್ನು ಆರಂಭಿಸಿದರು. ಮೊದಲ ಚಿತ್ರದಲ್ಲಿ ಜಪಾನಿ ಭಯಾನಕ ಚಿತ್ರಗಳ ನೆರಳು ದಟ್ಟವಾಗಿದೆ. ಅಲ್ಲಿ ಕೇಡು ಹರಡುವುದು ಇಂಟರ್ನೆಟ್ಟಿನ ಮೂಲಕ. ಫೌಂಡ್ ಫೂಟೇಜಿನ ಕಡೆಗೆ ಅವರು ಪೂರ್ತಿಯಾಗಿ ಹೊರಳಿದ್ದು 2012ರ ‘ಬಿರ್ ಜಿನ್ ವಾಕಾಸಿ’, ಅಂದರೆ ‘ಒಂದು ಜಿನ್ ಪ್ರಕರಣ’ದಲ್ಲಿ. ಮರುವರ್ಷ ಬಂದ ‘ಜಿನ್ ಚಾರ್ಪ್‌ಮಾಸಿ’ ಈ ಪ್ರಕಾರದ ಅತ್ಯುತ್ತಮ ಕೃತಿ ಎಂಬುದು ನನ್ನ ಅಭಿಪ್ರಾಯ. ಹೆಸರಿನ ಅರ್ಥ ‘ಜಿನ್ನಿನ ಹೊಡೆತ’. ಮುಖ ಸೊಟ್ಟಗಾದರೆ, ಕೈಕಾಲು ಬಿದ್ದುಹೋದರೆ ತುರ್ಕಿಯ ಹಳ್ಳಿಗರು ಬಳಸುವ ಮಾತು ಅದು.

ಕುಬ್ರಾ ಎಂಬ ಹೆಣ್ಣುಮಗಳು ಮದರಂಗಿಯ ರಾತ್ರಿ, ನೆಂಟರೆಲ್ಲ ಸೇರಿರುವಾಗ, ಮದುವೆಯಾಗಬೇಕಿದ್ದವನನ್ನೇ ಕೊಲ್ಲುತ್ತಾಳೆ. ಎಷ್ಟೋ ವರ್ಷಗಳ ನಂತರ ಅವಳ ಬಾಲ್ಯದ ಗೆಳತಿ, ಈಗ ಮನೋವೈದ್ಯೆಯಾಗಿರುವ ಎಬ್ರು, ಫಾರೂಕ್ ಎಂಬ ಹೋಜಾನೊಡನೆ ಆ ಹಳ್ಳಿಗೆ ಬರುತ್ತಾಳೆ. ಅವಳ ಕೈಯಲ್ಲಿ ಕ್ಯಾಮೆರಾ ಇದೆ. ಇಲ್ಲಿರುವುದು ಕಾಯಿಲೆಯೋ ಜಿನ್ನೋ ಎಂದು ದಾಖಲೆಯ ಮೂಲಕ ತೀರ್ಮಾನವಾಗಲಿ ಎಂಬುದು ಅವಳ ಹಟ. ಕ್ಯಾಮೆರಾ ಯಾರ ಕೈಯಲ್ಲಿದೆ ನೋಡಿ. 1925ರ ಕಾನೂನು ಯಾರ ಪಕ್ಷ ವಹಿಸಿತೋ ಆ ಶಿಕ್ಷಿತ, ವೈಜ್ಞಾನಿಕ ತುರ್ಕಿಯ ಮಗಳು ಅವಳು. ಕಾನೂನು ಮುಚ್ಚಿದ ಕೋಣೆಯ ಬಾಗಿಲನ್ನು ಅವಳು ತೆರೆಸುತ್ತಾಳೆ, ಒಳಗಿರುವುದನ್ನು ತನ್ನ ಉಪಕರಣದಿಂದ ಅಳೆಯಲು ನಿಲ್ಲುತ್ತಾಳೆ. ಎರಡು ಗಂಟೆಗೂ ಮೀರಿದ ಚಿತ್ರ ಅದು. ಫೌಂಡ್ ಫೂಟೇಜಿಗೆ ಇದು ತೀರ ಹೆಚ್ಚು ಎಂದು ಕೆಲವರು ದೂರುತ್ತಾರೆ, ನನಗೆ ಹಾಗನಿಸಿಲ್ಲ. ಪಠಣಕ್ಕೆ ಬೇಕಾದ ಹೊತ್ತನ್ನು ಚಿತ್ರ ಕೊಡುತ್ತದೆ. ಅರಬ್ಬಿ ವಚನಗಳು ಒಂದರ ಮೇಲೊಂದು ಬರುತ್ತಿರುವಾಗ ಕೋಣೆಯ ಬೇರೆ ಸದ್ದುಗಳು ನಿಧಾನವಾಗಿ ಕೇಳತೊಡಗುತ್ತವೆ. ಚಿತ್ರ ಕೊನೆಗೆ ಹೋಜಾನ ಪಕ್ಷವೋ ವೈದ್ಯೆಯ ಪಕ್ಷವೋ ಎಂದು ಇಲ್ಲಿ ಹೇಳಿ ನೋಡುವವರ ಕುತೂಹಲವನ್ನು ಕೆಡಿಸಲಾರೆ.

ಇಂಥ ಚಿತ್ರಗಳಿಗೆ ನಂಬಿಕೆಯ ಮುದ್ರೆ ಒತ್ತುವುದು ‘ನಡೆದ ಘಟನೆ’ ಎಂಬ ಬರಹ. ಇದನ್ನು ಬರೀ ಜಾಹೀರಾತಿನ ಉಪಾಯವೆಂದು ತಳ್ಳಿಹಾಕಿದರೆ ಒಂದು ಮುಖ್ಯ ಸಂಗತಿ ತಪ್ಪಿಹೋಗುತ್ತದೆ. ಜಿನ್ನಿನ ಕಥೆಯನ್ನು ಯಾರೂ ಕಟ್ಟುಕಥೆಯೆಂದು ಹೇಳುವುದಿಲ್ಲ. ನಮ್ಮ ಪಕ್ಕದ ಮನೆಯ ಹಸನ್ ಹೇಳಿದ್ದು, ಅವನಿಗೆ ಅವನ ಅಜ್ಜ ಹೇಳಿದ್ದು, ಅಜ್ಜ ಕಣ್ಣಾರೆ ಕಂಡದ್ದು ಎಂದೇ ಅದು ಶುರುವಾಗುತ್ತದೆ. ನಮ್ಮ ಜಗಲಿಗಳಲ್ಲಿ ‘ನನ್ನ ಸೋದರಮಾವನೇ ಕಂಡದ್ದು’ ಎಂದು ಶುರುವಾಗುವ ಹಾಗೆ. ಪ್ರವಾದಿಯ ನಡೆನುಡಿಗಳನ್ನು ದಾಖಲಿಸುವ ಹದೀಸ್ ಪರಂಪರೆಯಲ್ಲಂತೂ ಯಾರಿಂದ ಯಾರು ಕೇಳಿದರು ಎಂಬ ಸರಪಳಿಗೆ ‘ಇಸ್ನಾದ್’ ಎಂಬ ಹೆಸರೇ ಇದೆ, ಸರಪಳಿಯ ಒಂದು ಕೊಂಡಿ ಸಡಿಲವಾದರೂ ಮಾತಿನ ತೂಕ ಇಳಿಯುತ್ತದೆ. ಸಿಕ್ಕ ಟೇಪು ಈ ಸರಪಳಿಯ ಕೊನೆಯ ಕೊಂಡಿ. ಕಂಡವನು ಈಗಿಲ್ಲ, ಅವನು ಕಂಡದ್ದು ಇದೆ. ಈ ರೂಪ ಅಮೆರಿಕದಿಂದ ಬಂದರೂ ತುರ್ಕಿಯ ನೆಲದಲ್ಲಿ ಪರಕೀಯವೆನಿಸದಿರಲು ಇದೇ ಕಾರಣ ಎಂದು ನಾನು ತಿಳಿದಿದ್ದೇನೆ.

ಈ ಚಿತ್ರಗಳನ್ನು ಪ್ರೀತಿಯಿಂದ ನೋಡುವ ನನಗೆ ಅವುಗಳ ಮೇಲೆ ಒಂದು ದೊಡ್ಡ ಆಕ್ಷೇಪವೂ ಇದೆ. ಹೆಚ್ಚುಕಮ್ಮಿ ಯಾವಾಗಲೂ ಜಿನ್ ಹಿಡಿಯುವುದು ಹೆಣ್ಣನ್ನು. ಮದುವೆಯ ಮುನ್ನಾದಿನ, ಬಾಣಂತನದಲ್ಲಿ, ಮಕ್ಕಳಾಗದ ಕೊರಗಿನಲ್ಲಿ. ತುರ್ಕಿ ಜನಪದದಲ್ಲಿ ಬಾಣಂತಿಯರ ಮೇಲೆ ಎರಗುವ ‘ಅಲ್ ಕರಿಸಿ’ ಎಂಬ ಕೆಂಪು ಹೆಂಗಸಿದ್ದಾಳೆ. ಅವಳು ಇಸ್ಲಾಮಿಗೂ ಹಿಂದಿನವಳು. ಹೆರಿಗೆಯ ನಂತರದ ಖಿನ್ನತೆಗೂ ಸೋಂಕಿಗೂ ಹೆಸರಿಲ್ಲದ ಕಾಲದಲ್ಲಿ ಆ ಸಂಕಟಕ್ಕೆ ಅವಳ ಹೆಸರಿಟ್ಟರು. ‘ಕರಬಸಾನ್’, ಅಂದರೆ ಎದೆಯ ಮೇಲೆ ಕೂತು ಅದುಮುವ ಕಪ್ಪು, ಇಂದು ನಿದ್ರಾ ಪಾರ್ಶ್ವವಾಯು ಎಂದು ವೈದ್ಯರಿಗೆ ಗೊತ್ತಿರುವ ಸ್ಥಿತಿ. ಕನಸಿನ ಹಂತದಲ್ಲಿ ಸ್ನಾಯುಗಳು ಸಡಿಲವಾಗಿರುವಾಗಲೇ ಎಚ್ಚರವಾಗಿಬಿಟ್ಟರೆ ಮೈ ಅಲುಗದು, ಕೋಣೆಯಲ್ಲಿ ಯಾರೋ ಇದ್ದಂತೆ ಭಾಸವಾಗುತ್ತದೆ. ಮಂಚದ ಮೇಲೆ ಮಲಗಿದವಳ ಆ ದೃಶ್ಯ ನಮ್ಮನ್ನು ಅಷ್ಟು ಕಾಡುವುದಕ್ಕೆ ನಮ್ಮಲ್ಲಿ ಹಲವರು ಇದನ್ನು ಅನುಭವಿಸಿರುವುದೂ ಒಂದು ಕಾರಣವಿರಬೇಕು. ಪರದೆಯ ಮೇಲೆ ವೈದ್ಯರ ಜ್ಞಾನ ಪದೇ ಪದೇ ಸೋಲುವುದನ್ನು ನೋಡಿದ ಒಂದು ಕುಟುಂಬ, ಅಪಸ್ಮಾರವಿರುವ ಮಗಳನ್ನು ಆಸ್ಪತ್ರೆಯ ಬದಲು ಕತ್ತಲ ಕೋಣೆಗೆ ಕರೆದೊಯ್ದರೆ? ಈ ಪ್ರಶ್ನೆ ನನ್ನನ್ನು ಜಿನ್ನಿಗಿಂತ ಹೆಚ್ಚು ಹೆದರಿಸುತ್ತದೆ. ದೆವ್ವ ಬಿಡಿಸುವ ನೆಪದಲ್ಲಿ ಹಗ್ಗದಿಂದ ಕಟ್ಟುವುದನ್ನು, ಹೊಡೆಯುವುದನ್ನು ಕರ್ನಾಟಕವೂ 2017ರ ಅಮಾನವೀಯ ದುಷ್ಟ ಪದ್ಧತಿಗಳ ಕಾಯ್ದೆಯಲ್ಲಿ ಅಪರಾಧವೆಂದು ಬರೆಯಬೇಕಾಯಿತು. ಅದು ಸಿನಿಮಾದ ಮಾತಲ್ಲ, ನಮ್ಮ ಸುತ್ತಲಿನ ಮನೆಗಳ ಮಾತು. ಧರ್ಮದ ದೃಷ್ಟಿಯಲ್ಲೂ ಜಿನ್ನುಗಳಿವೆ ಎಂದು ನಂಬುವುದು ಬೇರೆ, ಅವುಗಳ ಹೆಸರಿನಲ್ಲಿ ವ್ಯಾಪಾರಕ್ಕಿಳಿಯುವುದು ಬೇರೆ. ಎರಡನೆಯದನ್ನು ವಿದ್ವಾಂಸರು ಖಂಡಿಸುತ್ತಲೇ ಬಂದಿದ್ದಾರೆ.

ಕೊನೆಗೆ ಆ ಸರಣಿಯ ಹೆಸರಿನ ಮಾತು. ‘ದಾಬ್ಬೆ’ ಎಂದರೆ ಹರಿದಾಡುವ ಪ್ರಾಣಿ. ಕುರ್‌ಆನಿನ 27ನೇ ಅಧ್ಯಾಯದ 82ನೇ ವಚನದಲ್ಲಿ ‘ದಾಬ್ಬತುಲ್ ಅರ್ದ್’, ನೆಲದ ಪ್ರಾಣಿ, ಲೋಕದ ಅಂತ್ಯ ಸಮೀಪಿಸಿದಾಗ ಹೊರಬಂದು ಜನರೊಡನೆ ಮಾತಾಡುತ್ತದೆ. ಚಿತ್ರಗಳ ಹೆಸರಿಗೆ ಆಧಾರ ಅದೇ. ಆದರೆ ಇದೇ ಪದಗಳು ಗ್ರಂಥದಲ್ಲಿ ಇನ್ನೊಂದು ಕಡೆಯೂ ಇವೆ, 34ನೇ ಅಧ್ಯಾಯದ 14ನೇ ವಚನದಲ್ಲಿ. ಅಲ್ಲಿರುವುದು ಪ್ರವಾದಿ ಸುಲೈಮಾನರ ಕಥೆ. ದೇವರ ಅನುಗ್ರಹದಿಂದ ಜಿನ್ನುಗಳು ಅವರ ಅಧೀನದಲ್ಲಿದ್ದು ಕಟ್ಟಡ ಕಟ್ಟುತ್ತಿದ್ದವು, ಕೊಪ್ಪರಿಗೆಗಳನ್ನು ಮಾಡುತ್ತಿದ್ದವು. ಒಂದು ದಿನ ಸುಲೈಮಾನರು ಊರುಗೋಲಿಗೆ ಒರಗಿ ನಿಂತಿದ್ದಾಗಲೇ ಪ್ರಾಣ ಹೋಯಿತು. ದೇಹ ನಿಂತೇ ಇತ್ತು. ಒಂದು ವರ್ಷ ಹಾಗೇ ಇತ್ತೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಜಿನ್ನುಗಳು ನೋಡುತ್ತಿದ್ದವು, ಬದುಕಿದ್ದಾರೆಂದೇ ತಿಳಿದು ದುಡಿಯುತ್ತಿದ್ದವು. ನಮ್ಮನ್ನು ಮರೆಯಿಂದ ನೋಡುವವರಿಗೆ ಕಣ್ಣೆದುರಿನ ಸಾವು ಕಾಣಲಿಲ್ಲ. ಗೈಬ್ ತಮಗೆ ತಿಳಿಯದು ಎಂದು ಅವರಿಗೆ ಗೊತ್ತಾದದ್ದು ದೇಹ ಕುಸಿದುಬಿದ್ದಾಗಲೇ ಎಂದು ವಚನ ಹೇಳುತ್ತದೆ. 1925ರ ಕಾನೂನಿನಲ್ಲಿರುವುದೂ ಇದೇ ಗೈಬ್.

ಮಲಗುವ ಕೋಣೆಯ ಆ ಟೇಪಿನ ಮುಂದೆ ಕುಳಿತ ನಮ್ಮ ಸ್ಥಿತಿಯೂ ಹಾಗೆಯೇ. ಮೂಲೆಯಲ್ಲಿ ಗಡಿಯಾರ ಓಡುತ್ತಿದೆ, ಮಲಗಿದವಳ ಎದೆ ಏರಿ ಇಳಿಯುತ್ತಿದೆ, ಅವಳಿಗೆ ಏನಾದೀತೋ ಎಂದು ನಾವು ಚಡಪಡಿಸುತ್ತಿದ್ದೇವೆ. ಆಗಬೇಕಾದದ್ದು ಟೇಪು ಸಿಗುವ ಮೊದಲೇ ಆಗಿಹೋಗಿದೆ. ಸುಲೈಮಾನರ ಊರುಗೋಲನ್ನು ಒಳಗಿನಿಂದ ತಿಂದು ಆ ದೇಹವನ್ನು ಕೆಡವಿದ ‘ದಾಬ್ಬತುಲ್ ಅರ್ದ್’ ಒಂದು ಗೆದ್ದಲು ಹುಳ.